ಮುಂಬಯಿಯ ಇರುಳು ಮತ್ತು ಆಕಾಶಗಂಗೆ

ಇರುಳಿನ ಆಗಸವನ್ನು ಅಡ್ಡಹಾಯ್ದು ಹರಿಯುವ ಮಸುಕು ಬಿಳಿಯ ಪಟ್ಟಿಗೆ ನಮ್ಮ ಹಿರಿಯರು ಆಕಾಶಗಂಗೆ, ಮಂದಾಕಿನಿ, ಛಾಯಾಪಥ ಎಂದು ಹಲವು ಹೆಸರುಗಳನ್ನಿಟ್ಟರು. ಕಾಳಿದಾಸನು ರಘುವಂಶದ ಹದಿಮೂರನೆಯ ಸರ್ಗದಲ್ಲಿ, ಸೇತುವೆಯಿಂದ ಇಬ್ಭಾಗವಾದ ಸಮುದ್ರವನ್ನು ಛಾಯಾಪಥದಿಂದ ಇಬ್ಭಾಗವಾದ ಶರತ್ಕಾಲದ ಆಕಾಶಕ್ಕೆ ಹೋಲಿಸಿದ್ದಾನೆ. ಓದುವವನು ಅದನ್ನು ಕಣ್ಣಾರೆ ಕಂಡವನು ಎಂಬ ನಂಬಿಕೆಯ ಮೇಲೆ ಆ ಉಪಮೆ ನಿಂತಿದೆ. ಇಂದಿನ ಮುಂಬಯಿಯಲ್ಲಿ ಆ ನಂಬಿಕೆಗೆ ಆಧಾರವುಳಿದಿಲ್ಲ.

ಈ ಪಟ್ಟಿಯು ಅಸಂಖ್ಯ ನಕ್ಷತ್ರಗಳ ರಾಶಿಯೆಂಬುದನ್ನು ಗೆಲಿಲಿಯೋ 1610ರಲ್ಲಿ ದೂರದರ್ಶಕದ ಬಲದಿಂದ ಸಾರಿದನು. ಚಪ್ಪಟೆಯಾದ ನಕ್ಷತ್ರಲೋಕವೊಂದರೊಳಗೆ ನಿಂತು ಅದರ ಅಂಚಿನತ್ತ ನೋಡುವುದರಿಂದಲೇ ಅದು ನಮಗೆ ಪಟ್ಟಿಯಾಗಿ ತೋರುತ್ತದೆ. ನಡುನಡುವೆ ಕಾಣುವ ಕಪ್ಪು ಸೀಳುಗಳು ಹಿಂದಿನ ಬೆಳಕನ್ನು ಮರೆಮಾಡುವ ಧೂಳಿನ ಮೋಡಗಳು. ಇದರ ಕೇಂದ್ರವು ಮೂಲಾ ನಕ್ಷತ್ರದ ಸಮೀಪದ ದಿಕ್ಕಿನಲ್ಲಿ, ಸುಮಾರು 26,000 ಜ್ಯೋತಿರ್ವರ್ಷಗಳ ದೂರದಲ್ಲಿದೆ. ಮುಂಬಯಿಯ ಅಕ್ಷಾಂಶದಲ್ಲಿ ಅದು ದಕ್ಷಿಣ ದಿಗಂತದಿಂದ ಸುಮಾರು 42 ಅಂಶಗಳಷ್ಟು ಮೇಲೇರುತ್ತದೆ. ಆದರೆ ನಡುರಾತ್ರಿಯಲ್ಲಿ ಅದು ಆ ಎತ್ತರಕ್ಕೇರುವ ಜೂನ್ ತಿಂಗಳಿನಲ್ಲಿಯೇ ಮಳೆಗಾಲದ ಮೋಡ ಕವಿಯುತ್ತದೆ. ಏಪ್ರಿಲ್ ತಿಂಗಳಿನ ಬೆಳಗಿನ ಜಾವ, ಅಕ್ಟೋಬರ್ ತಿಂಗಳಿನ ಮುನ್ನಿರುಳು, ಇವೇ ತಕ್ಕ ಕಾಲ.

ಮೋಡವು ಋತುಧರ್ಮ, ದೀಪಗಳ ಕಥೆ ಬೇರೆ. ಈ ನಗರದ ಬೀದಿಗಳಲ್ಲಿ 1865ರಲ್ಲಿ ಅನಿಲದೀಪಗಳು ಹೊತ್ತಿದವು. 1882ರಲ್ಲಿ ಕ್ರಾಫರ್ಡ್ ಮಾರ್ಕೆಟ್ಟಿಗೆ ವಿದ್ಯುದ್ದೀಪ ಬಂದಿತು. 1907ರಲ್ಲಿ ವಿದ್ಯುತ್ ಟ್ರಾಮು ಓಡಿತು. 1915ರಲ್ಲಿ ಖೋಪೋಲಿಯ ಜಲವಿದ್ಯುತ್ತು ನಗರವನ್ನು ತಲುಪಿತು. ಆಕಾಶಗಂಗೆಯ ಬೆಳಕು ಹರಡಿಕೊಂಡ ಬೆಳಕು. ಹಿನ್ನೆಲೆಯ ಆಗಸ ಸ್ವಲ್ಪ ಬೆಳಗಿದರೂ ಅದು ಕರಗಿಹೋಗುತ್ತದೆ. ಉಜ್ಜ್ವಲವಾದ ಬಿಡಿ ತಾರೆಗಳು ಮಾತ್ರ ಉಳಿಯುತ್ತವೆ. ಕಡಲ ತೇವ ಮತ್ತು ಧೂಳು ದೀಪಗಳ ಬೆಳಕನ್ನು ಚದರಿಸಿ ಈ ಹಾನಿಯನ್ನು ಹೆಚ್ಚಿಸುತ್ತವೆ.

ಇಲ್ಲಿ ಕೊಲಾಬದ ವೇಧಶಾಲೆಯ ಇತಿಹಾಸವು ಗಮನಾರ್ಹವಾದುದು. ಈಸ್ಟ್ ಇಂಡಿಯಾ ಕಂಪೆನಿಯು 1826ರಲ್ಲಿ ಖಗೋಲ ವೀಕ್ಷಣೆಗಾಗಿಯೂ ಹಡಗುಗಳಿಗೆ ವೇಳೆ ತಿಳಿಸುವುದಕ್ಕಾಗಿಯೂ ಸ್ಥಾಪಿಸಿದ ಈ ಸಂಸ್ಥೆಯಲ್ಲಿ 1841ರಿಂದ ಭೂಕಾಂತತ್ವದ ಕ್ರಮಬದ್ಧ ಅಳತೆಗಳು ನಡೆದವು. ಟ್ರಾಮುಗಳಿಗೆ ವಿದ್ಯುತ್ತು ಬರುವುದೆಂದು ತಿಳಿದಾಗ, ಕಾಂತಸೂಚಿಗಳು ಕದಲಿಯಾವೆಂದು 1904ರಲ್ಲಿ ಅಲಿಬಾಗದಲ್ಲಿ ಹೊಸ ವೇಧಶಾಲೆಯನ್ನು ಕಟ್ಟಿದರು. 1906ರವರೆಗೆ ಎರಡೂ ಕಡೆ ಜೊತೆಯಾಗಿ ಅಳೆದು ದಾಖಲೆಯ ತಂತು ಕಡಿಯದಂತೆ ನೋಡಿಕೊಂಡರು. ವಿದ್ಯುತ್ತಿನಿಂದ ಸೂಚಿಗಾಗುವ ಬಾಧೆಯನ್ನು ನಗರವು ಮುಂಗಂಡಿತು. ಕಣ್ಣಿಗಾದ ನಷ್ಟವಾದರೋ ದೀಪದಿಂದ ದೀಪಕ್ಕೆ ಸದ್ದಿಲ್ಲದೆ ಬೆಳೆಯಿತು.

ದೀಪವನ್ನು ಹಳಿಯುವುದು ನಮಗೆ ತಕ್ಕುದಲ್ಲ. ಹಗಲೆಲ್ಲ ಉಪಾಹಾರಗೃಹಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಕನ್ನಡ ತರುಣರು ಈ ನಗರದ ದೀಪಗಳಿಗೆ ಋಣಿಗಳು. ಆದರೆ ಪುಟದ ಮೇಲೆ ಬೀಳುವ ಬೆಳಕು ಬೇರೆ, ಆಗಸಕ್ಕೆ ಸೋರುವ ಬೆಳಕು ಬೇರೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೇಧಶಾಲೆಯಿರುವ ಲಡಾಖಿನ ಹಾನ್ಲೆಯ ಸುತ್ತಲ ಪ್ರದೇಶವನ್ನು 2022ರಲ್ಲಿ ಕತ್ತಲೆಯ ಆಕಾಶಕ್ಕೆ ಮೀಸಲೆಂದು ಸಾರಲಾಯಿತು. ಅಲ್ಲಿ ದೀಪಗಳಿಗೆ ಮರೆಯಿಟ್ಟು ಬೆಳಕನ್ನು ನೆಲದತ್ತ ತಿರುಗಿಸುತ್ತಾರೆ. ಮುಂಬಯಿ ಹಾನ್ಲೆಯಾಗಲಾರದು, ದೀಪಕ್ಕೆ ಮರೆಯಿಡುವ ವಿವೇಕವಾದರೋ ಇಲ್ಲಿಯೂ ಸಾಧ್ಯ.

ವರಳಿಯ ನೆಹರೂ ತಾರಾಲಯದ ಗುಮ್ಮಟದಲ್ಲಿ 1977ರಿಂದ ನಮ್ಮ ಮಕ್ಕಳು ಕೃತಕ ಆಗಸವನ್ನು ಕಾಣುತ್ತಿದ್ದಾರೆ. ಅದು ಉಪಕಾರವೇ ಸರಿ. ಆದರೆ ಊರಿಗೆ ಹೋದಾಗ, ಅಮಾವಾಸ್ಯೆಯ ಆಸುಪಾಸಿನ ತಿಳಿಯಿರುಳಿನಲ್ಲಿ, ಅವರನ್ನು ಅಂಗಳಕ್ಕೆ ಕರೆದು ನಿಜವಾದುದನ್ನು ತೋರಿಸುವ ಹೊಣೆ ಹಿರಿಯರದು. ಕಂಡ ವಸ್ತುವಿಲ್ಲದೆ ಪದವು ಬಹುಕಾಲ ಬಾಳದು.