ಶುಶ್ರೂಷಕರ ಪ್ರಮಾಣ ಮತ್ತು ರೋಗಿಗಳ ಸುರಕ್ಷತೆ: ರಾಯಚೂರು ಜಿಲ್ಲೆಯ ಹಿನ್ನೆಲೆಯಲ್ಲಿ

ಎಷ್ಟು ಜನಕ್ಕೆ ಒಬ್ಬ ನರ್ಸ್ ಇರಬೇಕು ಎಂಬ ಪ್ರಶ್ನೆಯನ್ನು ಭಾರತದಲ್ಲಿ ಗಂಭೀರವಾಗಿ ಎತ್ತಿದ್ದು 1946ರ ಭೋರ್ ಸಮಿತಿಯ ವರದಿ. ಅಂದು 6,300 ಜನಕ್ಕೆ ಒಬ್ಬ ವೈದ್ಯರಿದ್ದರೆ, 43,000 ಜನಕ್ಕೆ ಒಬ್ಬ ನರ್ಸ್ ಇದ್ದರು. ಮರುವರ್ಷವೇ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ ಬಂತು. ಆ ಹೊತ್ತಿಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ರಾಯಚೂರು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಾಗ ಹಳೆಯ ಮೈಸೂರಿನಷ್ಟು ಬಲವಾದ ಆಸ್ಪತ್ರೆ ವ್ಯವಸ್ಥೆಯನ್ನೇನೂ ತನ್ನೊಂದಿಗೆ ತರಲಿಲ್ಲ. ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ಸಮಿತಿ ಈ ಜಿಲ್ಲೆಯ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತು. 2007ರಲ್ಲಿ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಜನರ ಬಾಯಲ್ಲಿ ರಿಮ್ಸ್, ಆರಂಭವಾಯಿತು. 2018ರಲ್ಲಿ ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಕರ್ನಾಟಕದಿಂದ ಯಾದಗಿರಿಯ ಜೊತೆ ರಾಯಚೂರೂ ಸೇರಿತು. ಈ ಅವಧಿಯಲ್ಲಿ ಕಟ್ಟಡಗಳು ಎದ್ದವು, ಹುದ್ದೆಗಳು ಮಂಜೂರಾದವು. ಆದರೆ ಅಳತೆಗೋಲು ಮಾತ್ರ ಬದಲಾಗಲಿಲ್ಲ: ಮಂಜೂರಾದ ಹುದ್ದೆಗಳನ್ನು ಎಣಿಸಿದೆವೇ ಹೊರತು, ಯಾವುದೇ ಒಂದು ಗಳಿಗೆಯಲ್ಲಿ ಮಂಚದ ಬಳಿ ಎಷ್ಟು ಜನ ನಿಂತಿದ್ದಾರೆ ಎಂಬುದನ್ನಲ್ಲ.

ಈ ಎರಡು ಎಣಿಕೆಗಳ ನಡುವಿನ ಅಂತರ ಸಣ್ಣದಲ್ಲ. ಶುಶ್ರೂಷಾ ಪರಿಷತ್ತಿನ ಹಳೆಯ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ಹಾಸಿಗೆಗೆ ಒಬ್ಬ ನರ್ಸ್, ಉಳಿದ ಆಸ್ಪತ್ರೆಗಳಲ್ಲಿ ಐದಕ್ಕೆ ಒಬ್ಬರು. ಕೇಳಲು ಧಾರಾಳವಾಗಿಯೇ ಇದೆ. ಆದರೆ 90 ಹಾಸಿಗೆಗೆ ಕೊಟ್ಟ 30 ಜನರನ್ನು ಮೂರು ಪಾಳಿಗೆ ಹಂಚಿದರೆ ಪಾಳಿಗೆ ಹತ್ತು ಜನ, ಒಬ್ಬೊಬ್ಬರ ಪಾಲಿಗೆ ಒಂಬತ್ತು ರೋಗಿಗಳು. ಐದಕ್ಕೆ ಒಬ್ಬರೆಂದರೆ ಅದೇ ಲೆಕ್ಕದಲ್ಲಿ ಹದಿನೈದು. ವಾರದ ರಜೆ, ಹೆರಿಗೆ ರಜೆ, ತರಬೇತಿಗಳಿಗೆಂದು ಶೇ 30ರಷ್ಟು ಹೆಚ್ಚುವರಿ ಹುದ್ದೆಗಳನ್ನು ಮಾನದಂಡವೇ ಸೂಚಿಸುತ್ತದೆ. ಆ ಹುದ್ದೆಗಳು ಖಾಲಿ ಉಳಿದರೆ ಈ ಲೆಕ್ಕವೂ ನಿಲ್ಲುವುದಿಲ್ಲ. ಬೆಳಗಿನ ರೌಂಡ್ಸಿಗೆ ಹೆಚ್ಚು ಜನರನ್ನು ಹಾಕುವ ರೂಢಿ ಇರುವಲ್ಲಿ ಕೊರತೆಯೆಲ್ಲ ನೈಟ್ ಡ್ಯೂಟಿಯ ಮೇಲೆ ಬೀಳುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 1999ರಲ್ಲಿ ಕಾಯ್ದೆ ಮಾಡಿ 2004ರಿಂದ ಜಾರಿಗೆ ತಂದ, ಮರುವರ್ಷ ಸಾಮಾನ್ಯ ವಾರ್ಡಿಗೆ 1:5ಕ್ಕೆ ಬಿಗಿಗೊಳಿಸಿದ ಪ್ರಮಾಣ ಪ್ರತಿ ಪಾಳಿಗೂ ಅನ್ವಯಿಸುತ್ತದೆ. ಅಲ್ಲಿಯ ಐದೂ ಇಲ್ಲಿಯ ಐದೂ ಒಂದೇ ಎಂದು ಹೋಲಿಸುವವರು ಮೋಸಹೋಗುತ್ತಾರೆ.

ಸಂಖ್ಯೆಗೂ ಸಾವಿಗೂ ಇರುವ ನಂಟನ್ನು ಸಂಶೋಧಕಿ ಲಿಂಡಾ ಏಕನ್ ಮತ್ತು ಸಂಗಡಿಗರು 2002ರಲ್ಲಿ ಪೆನ್ಸಿಲ್ವೇನಿಯದ 168 ಆಸ್ಪತ್ರೆಗಳ ದಾಖಲೆಗಳಿಂದ ತೋರಿಸಿದರು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ, ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತಿತ್ತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹೆರಿಗೆಯಾದ ಮೊದಲ ಎರಡು ಗಂಟೆ, ಹದಿನೈದು ನಿಮಿಷಕ್ಕೊಮ್ಮೆ ಬಾಣಂತಿಯ ನಾಡಿ, ಬಿಪಿ, ರಕ್ತಸ್ರಾವ, ಗರ್ಭಕೋಶದ ಬಿಗಿತ ನೋಡಬೇಕು. ಗರ್ಭಿಣಿ ನಂಜಿಗೆ (ಎಕ್ಲಾಂಪ್ಸಿಯ) ಮೆಗ್ನೀಷಿಯಂ ಸಲ್ಫೇಟ್ ಕೊಟ್ಟರೆ ಉಸಿರು, ಮೂತ್ರ, ಮೊಣಕಾಲಿನ ಪ್ರತಿಕ್ರಿಯೆಯ ಮೇಲೆ ಕಣ್ಣಿಡಬೇಕು. ರಕ್ತ ಹಾಕುವ ಮುನ್ನ ಚೀಲ, ಹೆಸರು, ಗುಂಪನ್ನು ಇಬ್ಬರು ತಾಳೆ ನೋಡಬೇಕು. ಪಾಳಿಯಲ್ಲಿ ಒಬ್ಬರೇ ಇದ್ದರೆ ಎರಡನೆಯ ಸಹಿ ಯಾರದು? ವೈದ್ಯರು ಬಂದುಹೋಗುವವರು. ಎರಡು ರೌಂಡ್ಸಿನ ನಡುವೆ ಕೆಡುವ ಆರೋಗ್ಯವನ್ನು ಮೊದಲು ಕಾಣುವವರು ನರ್ಸ್, ಇಲ್ಲವಾದರೆ ರೋಗಿಯ ಕಡೆಯವರು.

ಪ್ರತಿ ಪಾಳಿಗೂ ಸಾಕಷ್ಟು ನರ್ಸುಗಳಿರಬೇಕೆಂಬ ಈ ವಾದಕ್ಕೆ ಆಕ್ಷೇಪಗಳಿವೆ, ಕೆಲವು ತೂಕದವು. 2024ರ ನವೆಂಬರಿನಲ್ಲಿ ನೆರೆಯ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡಾಗ ಸಂಶಯ ತಿರುಗಿದ್ದು ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಕಡೆಗೆ. ಔಷಧವೇ ಕೆಟ್ಟಿದ್ದರೆ ನರ್ಸುಗಳ ಸಂಖ್ಯೆ ಏನು ಮಾಡೀತು ಎಂಬುದು ನ್ಯಾಯವಾದ ಪ್ರಶ್ನೆ. ಸಂಖ್ಯೆಯೊಂದೇ ಸಾಕೆಂದು ಇಲ್ಲಿ ವಾದಿಸುತ್ತಿಲ್ಲ. ಆದರೆ ಔಷಧದ ದೋಷ ಮೊದಲು ಬಯಲಾಗುವುದೂ ಹಾಸಿಗೆಯ ಬಳಿಯೇ, ಹೊಸ ಲಕ್ಷಣವನ್ನು ಯಾರಾದರೂ ಗಮನಿಸಿ ಬರೆದಿಟ್ಟಾಗಲೇ. ಒಳ್ಳೆಯ ಆಸ್ಪತ್ರೆಗಳಲ್ಲಿ ಎಲ್ಲವೂ ಚೆನ್ನಾಗಿರುತ್ತದೆ, ನರ್ಸುಗಳ ಸಂಖ್ಯೆ ಅದರ ಒಂದು ಗುರುತಷ್ಟೇ ಎನ್ನುವುದು ಇನ್ನೂ ಗಟ್ಟಿಯಾದ ಆಕ್ಷೇಪ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ 2016ರಲ್ಲಿ ಆಯ್ದ ಆಸ್ಪತ್ರೆಗಳಿಗೆ ಮಾತ್ರ ಕನಿಷ್ಠ ಪ್ರಮಾಣ ವಿಧಿಸಿದ್ದರಿಂದ ಇದನ್ನು ಪರೀಕ್ಷಿಸುವ ಅವಕಾಶ ಸಿಕ್ಕಿತು. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ 27 ಆಸ್ಪತ್ರೆಗಳನ್ನು ಬೇರೆ 28ರೊಂದಿಗೆ, ಮೊದಲಿನ ಮತ್ತು ನಂತರದ ಸ್ಥಿತಿ ಎರಡನ್ನೂ ಹಿಡಿದು, ಹೋಲಿಸಿದರು. ಪ್ರಮಾಣ ಜಾರಿಯಾದಲ್ಲಿ ಫಲಿತಾಂಶ ಉತ್ತಮವಾಗಿತ್ತು. ರೋಗಿಗಳ ಮರುದಾಖಲಾತಿಗಳೂ ಆಸ್ಪತ್ರೆಯಲ್ಲಿ ಉಳಿಯುವ ದಿನಗಳೂ ತಗ್ಗಿ ಉಳಿದ ಹಣ, ಹೆಚ್ಚುವರಿ ನರ್ಸುಗಳಿಗೆ ತಗುಲಿದ ಖರ್ಚಿನ ಎರಡು ಪಟ್ಟನ್ನೂ ಮೀರಿತ್ತು. ಖರ್ಚಿನ ಆಕ್ಷೇಪಕ್ಕೂ ಅದೇ ಉತ್ತರ, ಪೂರ್ತಿ ಅಲ್ಲದಿದ್ದರೂ. ರಾಯಚೂರಿನ ಬೊಕ್ಕಸ ಕ್ವೀನ್ಸ್‌ಲ್ಯಾಂಡಿನದಲ್ಲ. ಇನ್ನು ಜನರೇ ಸಿಗುವುದಿಲ್ಲ ಎಂಬ ಮಾತು ಕರ್ನಾಟಕದಲ್ಲಿ ಒಪ್ಪುವಂಥದಲ್ಲ. ಊರೂರಿಗೆ ನರ್ಸಿಂಗ್ ಕಾಲೇಜಿರುವ ರಾಜ್ಯವಿದು. ಕಲಿತವರು ಬೆಂಗಳೂರಿಗೋ ಗಲ್ಫಿಗೋ ಹೋಗುವುದು ಗುತ್ತಿಗೆಯ ಸಂಬಳ ಮತ್ತು ಭದ್ರತೆಯಿಲ್ಲದ ಕೆಲಸದಿಂದ. ಸಂವಿಧಾನದ 371ಜೆ ವಿಧಿಯ ಸ್ಥಳೀಯ ಮೀಸಲಾತಿ ಈ ಭಾಗದವರನ್ನು ಇಲ್ಲೇ ಉಳಿಸಿಕೊಳ್ಳಲು ಇರುವ ಒಳ್ಳೆಯ ಸಾಧನ, ಹುದ್ದೆ ತುಂಬಿದರೆ.

ಕೊನೆಯ ಆಕ್ಷೇಪ ಯಾಪಲದಿನ್ನಿಯಂಥ ಗಡಿ ಊರುಗಳಿಗೆ ಸಂಬಂಧಿಸಿದ್ದು. ತಿಂಗಳಿಗೆ ಕೆಲವೇ ಹೆರಿಗೆಗಳಾಗುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಪ್ರಮಾಣದ ಮಾತೇಕೆ, ಇದ್ದವರೇ ಕೆಲಸವಿಲ್ಲದೆ ಕೂರುತ್ತಾರಲ್ಲ ಎನ್ನುತ್ತಾರೆ. ಹಾಸಿಗೆಯ ಲೆಕ್ಕದಲ್ಲಿ ಇದು ನಿಜ. ಆದರೆ ಅಂಥ ಕಡೆ ಎಣಿಸಬೇಕಾದದ್ದು ಹಾಸಿಗೆಯನ್ನಲ್ಲ, ಗಂಟೆಗಳನ್ನು. 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಹಗಲಿರುಳು ತೆರೆದಿರುವ ಕೇಂದ್ರಕ್ಕೆ ಮೂವರು ಸ್ಟಾಫ್ ನರ್ಸುಗಳನ್ನು ಗೊತ್ತುಮಾಡಿತು. ವಾರಕ್ಕೆ 21 ಪಾಳಿ. ಮೂವರು ತಲಾ ಆರು ದಿನ ದುಡಿದರೆ 18. ಉಳಿದ ಮೂರು ಪಾಳಿಗೆ ಯಾರೂ ರಜೆ ಹಾಕದ ವಾರದಲ್ಲೂ ಜನವಿಲ್ಲ. ಹೆರಿಗೆ ಬೇನೆಗೆ ಹಗಲು ರಾತ್ರಿಯಿಲ್ಲ. ಖಾಲಿ ಪಾಳಿಯಲ್ಲಿ ಬಂದ ಗರ್ಭಿಣಿಗೆ ಉಳಿಯುವ ದಾರಿ ಆಂಬುಲೆನ್ಸು, ರಾಯಚೂರಿನ ರಸ್ತೆ. 2012ರ ಪರಿಷ್ಕೃತ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡ ಹೆರಿಗೆ ಕಡಿಮೆಯಿರುವ ಕೇಂದ್ರಗಳಿಗೆ ಮೂವರನ್ನು ಅಗತ್ಯವೆಂದೂ ನಾಲ್ಕನೆಯವರನ್ನು ಅಪೇಕ್ಷಣೀಯವೆಂದೂ ಬರೆಯಿತು. ಪಾಳಿಯ ಲೆಕ್ಕ ಹಾಕಿದರೆ ಆ ನಾಲ್ಕನೆಯ ಹುದ್ದೆ ಅಗತ್ಯದ ಪಟ್ಟಿಗೇ ಸೇರಬೇಕಾದದ್ದು.