ದೂರದ ಓಟ ಮತ್ತು ಉದ್ದೀಪನ ಮದ್ದು

ಮ್ಯಾರಥಾನ್, ಹತ್ತು ಸಾವಿರ ಮೀಟರ್‌ನಂಥ ಓಟಗಳಲ್ಲಿ ತೋಳ್ಬಲಕ್ಕಿಂತ ದೊಡ್ಡದು ರಕ್ತ ಹೊತ್ತೊಯ್ಯುವ ಆಮ್ಲಜನಕ. ಹಾಗಾಗಿ ಇಲ್ಲಿನ ಮೋಸವೂ ರಕ್ತದ ಸುತ್ತಲೇ ನಡೆಯುತ್ತದೆ. ಮೂತ್ರಪಿಂಡ ಸಹಜವಾಗಿ ಸ್ರವಿಸುವ ಎರಿತ್ರೊಪೊಯೆಟಿನ್, ಅಂದರೆ ಇಪಿಒ, ಮೂಳೆಯ ಮಜ್ಜೆಯಲ್ಲಿ ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ. ರಕ್ತಹೀನತೆಯ ರೋಗಿಗಳಿಗೆಂದು ತಯಾರಾದ ಅದರ ಕೃತಕ ರೂಪ ಓಟಗಾರರ ಕೈಗೂ ಸಿಕ್ಕಿತು. ಒಲಿಂಪಿಕ್ಸ್‌ನಲ್ಲಿ ಇದರ ಪತ್ತೆಗೆ ಪರೀಕ್ಷೆ ಬಂದದ್ದು 2000ದ ಸಿಡ್ನಿ ಕೂಟದಲ್ಲಿ. ಆದರೆ ಚೂರುಚೂರೇ ಚುಚ್ಚಿಕೊಂಡರೆ ಮದ್ದಿನ ಕುರುಹು ಬೇಗ ಅಳಿಯುತ್ತದೆ, ಹುಟ್ಟಿದ ರಕ್ತಕಣಗಳು ವಾರಗಟ್ಟಲೆ ಉಳಿಯುತ್ತವೆ. ಆದ್ದರಿಂದ ‘ಯಾವ ಪರೀಕ್ಷೆಯಲ್ಲೂ ಸಿಕ್ಕಿಬಿದ್ದಿಲ್ಲ’ ಎಂಬ ಮಾತಿಗೆ ಬೆಲೆ ಕಡಿಮೆ. ಓಟದ ದಿನಕ್ಕೆ ಎಷ್ಟೋ ಮೊದಲು, ತರಬೇತಿಯ ಊರಿಗೇ ಹೋಗಿ ಮಾದರಿ ಪಡೆಯುವ ವ್ಯವಸ್ಥೆಯೇ ನಿಜವಾದ ಕಾವಲು.

ಕೆನ್ಯಾದ ರೀಟಾ ಜೆಪ್ಟೂ 2014ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನನ್ನು 2 ಗಂಟೆ 18 ನಿಮಿಷ 57 ಸೆಕೆಂಡುಗಳಲ್ಲಿ, ಕೂಟದಾಖಲೆಯೊಂದಿಗೆ ಗೆದ್ದರು. ಅಕ್ಟೋಬರ್‌ನಲ್ಲಿ ಶಿಕಾಗೊದಲ್ಲೂ ಮೊದಲಿಗರಾದರು. ಇಪಿಒ ಪತ್ತೆಯಾದದ್ದು ಇವೆರಡರ ನಡುವೆ, ಸೆಪ್ಟೆಂಬರ್‌ನಲ್ಲಿ ಕೆನ್ಯಾದಲ್ಲೇ ಪಡೆದ ಮಾದರಿಯಲ್ಲಿ. 2016ರಲ್ಲಿ ಕ್ರೀಡಾ ನ್ಯಾಯಮಂಡಳಿ ಬಾಸ್ಟನ್ ಫಲಿತಾಂಶವನ್ನೂ ಅಳಿಸಿದ ಮೇಲೆ ಇಥಿಯೋಪಿಯಾದ ಬುಜುನೇಶ್ ಡೆಬಾ ವಿಜೇತೆ ಎನಿಸಿದರು. ಗೆಲುವಿನ ರಿಬ್ಬನ್ನನ್ನು ಎದೆಯಿಂದ ಹರಿಯುವ ಕ್ಷಣವನ್ನು ಯಾವ ತೀರ್ಪು ತಂದುಕೊಟ್ಟೀತು?

ಎತ್ತರದಲ್ಲಿ ಬದುಕುವವರ ರಕ್ತ ಸಹಜವಾಗಿಯೇ ದಟ್ಟವಲ್ಲವೇ, ಅದನ್ನೇ ತಪ್ಪೆಂದರೆ ಹೇಗೆ ಎಂಬ ಆಕ್ಷೇಪವಿದೆ. ಕೆನ್ಯಾದ ಓಟಗಾರರ ಊರು ಇಟೆನ್ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ಆದರೆ 2009ರಿಂದ ನಿಯಮಬದ್ಧವಾದ ಜೈವಿಕ ಪಾಸ್‌ಪೋರ್ಟ್ ಓಟಗಾರರನ್ನು ಅವರವರ ಹಿಂದಿನ ಅಳತೆಗಳ ಜೊತೆಗೇ ಹೋಲಿಸುತ್ತದೆ. ಹಿಮೋಗ್ಲೋಬಿನ್ ಏರಿದ್ದಾಗ ಎಳೆಯ ರಕ್ತಕಣಗಳು ವಿಪರೀತ ಕುಸಿದಿದ್ದರೆ, ಹೊರಗಿನಿಂದ ಬಂದ ಮದ್ದು ನಿಂತಿದೆ ಎಂಬ ಶಂಕೆ ಮೂಡುತ್ತದೆ. ಎತ್ತರದ ವಾಸದ ವಿವರವನ್ನೂ ತಜ್ಞರು ತೂಗಿ ನೋಡುತ್ತಾರೆ. ಖಾಸಗಿತನದ ಆಕ್ಷೇಪ ಇದಕ್ಕಿಂತ ಗಟ್ಟಿ. ಪ್ರಮುಖ ಓಟಗಾರರು ದಿನದ ಒಂದು ಗಂಟೆ ಎಲ್ಲಿ ಸಿಗುತ್ತೇವೆಂದು ಮೊದಲೇ ತಿಳಿಸಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ಶಿಕ್ಷೆ. ಮ್ಯಾರಥಾನ್ ವಿಶ್ವದಾಖಲೆ ಹೊಂದಿದ್ದ ವಿಲ್ಸನ್ ಕಿಪ್‌ಸಂಗ್ 2020ರಲ್ಲಿ ನಾಲ್ಕು ವರ್ಷ ನಿಷೇಧಕ್ಕೊಳಗಾದದ್ದು ಇಂಥ ಲೋಪಗಳಿಗೆ ಮತ್ತು ಸುಳ್ಳು ಸಾಕ್ಷ್ಯಕ್ಕೆ, ಮದ್ದು ಸಿಕ್ಕಿದ್ದಕ್ಕಲ್ಲ. ಇದು ಕಠಿಣವೇ ಸರಿ. ಆದರೆ ಹೇಳಿ ಹೋಗುವ ಪರೀಕ್ಷೆಗೆ ಅರ್ಥವಿಲ್ಲ. ಅಷ್ಟಾದರೂ ಬಲೆಯಲ್ಲಿ ಕಂಡಿಗಳಿವೆ: 2025ರ ಮಾರ್ಚ್‌ನಲ್ಲಿ ಪಡೆದ ಮಾದರಿಯಿಂದ ಮೂರು ವರ್ಷ ನಿಷೇಧಕ್ಕೊಳಗಾದ ಕೆನ್ಯಾದ ಓಟಗಾರ್ತಿ ರುತ್ ಚೆಪ್‌ನ್ಗೆಟಿಚ್ 2024ರಲ್ಲಿ ಶಿಕಾಗೊದಲ್ಲಿ ಓಡಿದ 2:09:56ರ ದಾಖಲೆಯನ್ನು ಆ ತೀರ್ಪು ಮುಟ್ಟಲಿಲ್ಲ.