‘ಸೋಯಾ’ ನೌಕೆಯೂ ಷೋವಾ ನೆಲೆಯೂ

ದಕ್ಷಿಣ ಧ್ರುವಖಂಡದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಸಾಹಸಿಗಳನ್ನು ಕೊಂಡಾಡುತ್ತಾರೆ. ಅವರನ್ನು ಹೊತ್ತೊಯ್ದ ಹಡಗುಗಳಿಗೆ ಮೀಸಲಾಗುವುದು ಒಂದೆರಡು ವಾಕ್ಯಗಳು ಮಾತ್ರ. ಜಪಾನಿನ ‘ಸೋಯಾ’ ನೌಕೆಯ ವಿಷಯದಲ್ಲಿ ಈ ಉಪೇಕ್ಷೆ ಸಲ್ಲದೆಂಬುದು ನಮ್ಮ ಅಭಿಪ್ರಾಯ. ಆ ಹಡಗಿನ ದೌರ್ಬಲ್ಯವೇ ಆ ದೇಶದ ಧ್ರುವಸಂಶೋಧನೆಯ ಕ್ರಮವನ್ನು ಬಹುಮಟ್ಟಿಗೆ ನಿರ್ಧರಿಸಿತು.

ಸೋವಿಯತ್ ಒಕ್ಕೂಟಕ್ಕಾಗಿ ನಾಗಸಾಕಿಯಲ್ಲಿ ಕಟ್ಟಲಾರಂಭಿಸಿ 1938ರಲ್ಲಿ ಪೂರೈಸಿದ ಈ ಸರಕುನೌಕೆ ಆ ದೇಶದ ಕೈಸೇರಲೇ ಇಲ್ಲ. 1940ರಲ್ಲಿ ಜಪಾನಿನ ನೌಕಾಪಡೆಯಲ್ಲಿ ‘ಸೋಯಾ’ ಎಂಬ ಹೆಸರನ್ನು ತಳೆದು, ಯುದ್ಧದಲ್ಲಿ ಮುಳುಗದೆ ಉಳಿದು, ಅನಂತರ ಹೊರನಾಡುಗಳಲ್ಲಿದ್ದ ಜಪಾನೀಯರನ್ನು ಸ್ವದೇಶಕ್ಕೆ ಕರೆತಂದಿತು. ಕೆಲಕಾಲ ದೀಪಸ್ತಂಭಗಳಿಗೆ ಸಾಮಗ್ರಿಯನ್ನೂ ಒಯ್ದಿತು. ಅಂತರರಾಷ್ಟ್ರೀಯ ಭೂಭೌತ ವರ್ಷದ (1957–58) ಕಾರ್ಯಕ್ಕಾಗಿ 1956ರಲ್ಲಿ ಇದನ್ನೇ ಹಿಮಭಂಜಕವಾಗಿ ಮಾರ್ಪಡಿಸಲಾಯಿತು. ಹಿಮಭಂಜಕವು ಮಂಜುಗಡ್ಡೆಯನ್ನು ಕತ್ತಿಯಂತೆ ಸೀಳುವುದಿಲ್ಲ. ಇಳಿಜಾರಾದ ಮುಂಭಾಗದಿಂದ ಅದರ ಮೇಲೇರಿ, ತನ್ನ ಭಾರದಿಂದ ಅದನ್ನು ಮುರಿಯುತ್ತದೆ. ಆ ಭಾರವೂ ಯಂತ್ರಬಲವೂ ‘ಸೋಯಾ’ಕ್ಕೆ ಸಾಲದಾದುವು.

1956ರ ನವೆಂಬರ್ 8ರಂದು ಟೋಕಿಯೋ ಬಿಟ್ಟ ತಂಡವು 1957ರ ಜನವರಿ 29ರಂದು ಓಂಗುಲ್ ದ್ವೀಪದಲ್ಲಿ ಷೋವಾ ನೆಲೆಯನ್ನು ಸ್ಥಾಪಿಸಿತು. ನಿಷಿಬೋರಿ ಎಯಿಝಬುರೋ ಅವರ ನಾಯಕತ್ವದಲ್ಲಿ 11 ಮಂದಿ ಚಳಿಗಾಲವನ್ನು ಕಳೆಯಲು ಅಲ್ಲಿ ನಿಂತರು. ಹಿಂದಿರುಗುವಾಗ ನೌಕೆಯು ಹಿಮದಲ್ಲಿ ಸಿಲುಕಲು, ಅದನ್ನು ಬಿಡಿಸಿದುದು ಸೋವಿಯತ್ ನೌಕೆ ‘ಓಬ್’. ತನಗೆ ದೊರೆಯದೆ ಹೋದ ಹಡಗಿಗೆ ಆ ದೇಶವೇ ದಾರಿಮಾಡಿಕೊಟ್ಟಿತು! ಮರುವರ್ಷ ನೆರವಿಗೆ ಬಂದುದು ಅಮೆರಿಕದ ‘ಬರ್ಟನ್ ಐಲೆಂಡ್’. ಪರಸ್ಪರ ಹಗೆಯಾಗಿದ್ದ ಎರಡು ಬಣಗಳೂ ಒಂದೇ ಹಡಗಿಗೆ ಕೈನೀಡಿದುದು ಗಮನಾರ್ಹ.

ಆದರೆ ಈ ಎರಡನೆಯ ಯಾತ್ರೆಯಲ್ಲಿ ನೆರವು ಸಾಲಲಿಲ್ಲ. ನೆಲೆಯಲ್ಲಿದ್ದವರನ್ನು ಸಣ್ಣ ವಿಮಾನದಲ್ಲಿ ಕರೆತಂದರು. ಹೊಸ ತಂಡ ಬರುವುದೆಂಬ ನಂಬಿಕೆಯಿಂದ ಸಖಾಲಿನ್ ತಳಿಯ 15 ನಾಯಿಗಳನ್ನು ಸರಪಣಿಯಲ್ಲಿಯೇ ಬಿಟ್ಟಿದ್ದರು. 1958ರ ಫೆಬ್ರವರಿ 24ರಂದು ಹೊಸ ತಂಡವನ್ನು ಕಳುಹಿಸುವ ಯತ್ನವನ್ನೇ ಕೈಬಿಡಲಾಯಿತು. 1959ರ ಜನವರಿಯಲ್ಲಿ ತಾರೋ, ಜಿರೋ ಎಂಬ ಎರಡು ನಾಯಿಗಳು ಜೀವಂತವಾಗಿ ದೊರೆತುವು. ಈ ಪವಾಡವನ್ನು ಜನ ಇಂದಿಗೂ ಹೇಳುತ್ತಾರೆ. ಸರಪಣಿಯಲ್ಲಿಯೇ ಸತ್ತ ಏಳು ಮತ್ತು ಕಾಣೆಯಾದ ಆರು ನಾಯಿಗಳ ಮಾತು ಅಷ್ಟಾಗಿ ಬರುವುದಿಲ್ಲ. ಬಿಟ್ಟುಬಂದವರನ್ನು ನಿರ್ದಯರೆನ್ನಲು ನಾವು ಒಪ್ಪೆವು. ಒಂದು ಹಡಗಿನ ಶಕ್ತಿಗೆ ಮೀರಿದ ಭರವಸೆಯನ್ನಿಟ್ಟು ಏರ್ಪಾಡು ಮಾಡಿದುದೇ ಅಲ್ಲಿನ ದೋಷ.

ಆ ದೋಷವನ್ನು ಜಪಾನೀಯರು ಬೇಗನೆ ಅರಿತರು. ಮೂರನೆಯ ಯಾತ್ರೆಯಲ್ಲಿ ‘ಸೋಯಾ’ ತೀರದವರೆಗೆ ಹಿಮವನ್ನು ಮುರಿಯಲು ಹೆಣಗಲಿಲ್ಲ. ದೂರದಲ್ಲಿಯೇ ನಿಂತು, ದೊಡ್ಡ ಹೆಲಿಕಾಪ್ಟರುಗಳಿಂದ ಜನರನ್ನೂ ಸಾಮಗ್ರಿಯನ್ನೂ ನೆಲೆಗೆ ಕಳುಹಿಸಿತು. 1962ರಲ್ಲಿ ನೆಲೆಯನ್ನು ಮುಚ್ಚಲಾಯಿತಾದರೂ, ‘ಫುಜಿ’ ಎಂಬ ಹೊಸ ಹಿಮಭಂಜಕವು ಸಿದ್ಧವಾದ ಬಳಿಕ 1966ರಲ್ಲಿ ಅದು ಮತ್ತೆ ತೆರೆಯಿತು. ಹೊಸ ನೌಕೆಯೂ ಹೆಲಿಕಾಪ್ಟರುಗಳನ್ನು ಹೊತ್ತೇ ಹೋಯಿತು. ‘ಸೋಯಾ’ ಕರಾವಳಿ ರಕ್ಷಣೆಯಲ್ಲಿ 1978ರವರೆಗೆ ದುಡಿದು, ಮರುವರ್ಷದಿಂದ ಟೋಕಿಯೋದಲ್ಲಿ ಸಾರ್ವಜನಿಕರ ವೀಕ್ಷಣೆಗೆ ನಿಂತಿದೆ.